ಬೇಲಿ ದಾಟುವ ಹಸು, ಬೇಲಿಗೆ ಅಳುಕುವ ಕೃಷ್ಣಮೃಗ

ಸುತ್ತಲೂ ಬೇಲಿ ಕಟ್ಟಿ, ಬಾಗಿಲು ಮುಚ್ಚಿ, ಹಸುಗಳನ್ನು ಒಳಗೆ ಕೂಡಿಹಾಕಿ ಹೋದ ಆಟಗಾರ ಮರುದಿನ ಬಂದು ನೋಡಿದರೆ ದೊಡ್ಡಿ ಅರ್ಧ ಖಾಲಿ. ಬೇಲಿ ಮುರಿದಿಲ್ಲ, ಬಾಗಿಲು ತೆರೆದಿಲ್ಲ, ಕಳ್ಳರು ಬಂದ ಸುಳಿವೂ ಇಲ್ಲ. ಆದರೂ ಹಸುಗಳು ಬೇಲಿಯ ಆಚೆಗೆ ನಿಶ್ಚಿಂತೆಯಿಂದ ನಿಂತಿವೆ. 2023ರ ವೇಳೆಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದ 'ಮೈನ್‌ಕ್ರಾಫ್ಟ್' ಎಂಬ ವಿಡಿಯೊ ಗೇಮ್‌ನಲ್ಲಿ ವರ್ಷಗಟ್ಟಲೆ ಆಟಗಾರರನ್ನು ಕಾಡಿದ ದೋಷವಿದು. ತಯಾರಕ ಸಂಸ್ಥೆಯ ದೋಷ ಪಟ್ಟಿಯಲ್ಲಿ ಇದಕ್ಕೆ 'ಎಂಸಿ-2025' ಎಂಬ ಸಂಖ್ಯೆಯೂ ಇತ್ತು.

ಗಣಕದೊಳಗಿನ ಹಸು ಗಟ್ಟಿ ಬೇಲಿಯನ್ನು ತೂರಿಕೊಂಡು ಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದ ದೃಶ್ಯವನ್ನು ನೋಡಬೇಕಾದರೆ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಬರಬೇಕು. ಆಂಧ್ರಪ್ರದೇಶದ ಗಡಿಗೆ ಹತ್ತಿರವಿರುವ ಇಲ್ಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳು ನೆಲೆಸಿವೆ. ಎರಡು ಮೀಟರ್‌ನಷ್ಟು ಎತ್ತರಕ್ಕೆ ಚಿಮ್ಮಬಲ್ಲ ಈ ಪ್ರಾಣಿ, ತನಗಿಂತ ಗಿಡ್ಡವಾದ ತಂತಿ ಬೇಲಿಯ ಮುಂದೆಯೂ ಅಳುಕಿ ನಿಲ್ಲುವುದುಂಟು.

ಹಾಗಾದರೆ ಪ್ರಾಣಿಯ ನಡಿಗೆಯನ್ನು ಗಣಕಕ್ಕೆ ಕಲಿಸುವುದು ಹೇಗೆ? ಅದು ತಪ್ಪುವುದು ಎಲ್ಲಿ? ಮಕ್ಕಳ ಆಟದಲ್ಲಿ ತಪ್ಪಿದ ಈ ಲೆಕ್ಕಕ್ಕೂ ಮೈದನಹಳ್ಳಿಯ ಮೃಗಗಳಿಗೂ ಏನು ಸಂಬಂಧ? ಈ ಪ್ರಶ್ನೆಗಳು ಮೇಲ್ನೋಟಕ್ಕೆ ಕಾಣುವಷ್ಟು ಹಗುರವಾದವಲ್ಲ.

ಕೂದಲೆಳೆಯಷ್ಟು ತಪ್ಪು

ಮೈನ್‌ಕ್ರಾಫ್ಟ್‌ನ ಲೋಕವೆಲ್ಲ ಚೌಕಾಕಾರದ ಇಟ್ಟಿಗೆಗಳಿಂದ ಕಟ್ಟಿದ್ದು. ಅಲ್ಲಿನ ಪ್ರತಿ ಪ್ರಾಣಿಯನ್ನು ಗಣಕವು ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ ಎಂದು ಪರಿಗಣಿಸುತ್ತದೆ. ಹಸುವಿನ ಪೆಟ್ಟಿಗೆಯ ಅಗಲ 0.9 ಇಟ್ಟಿಗೆ. ಕೊಂಬು, ಬಾಲ, ಕಾಲುಗಳೆಲ್ಲ ನೋಟಕ್ಕಷ್ಟೇ. ಗೋಡೆಗೆ ತಾಗುವುದು, ಬೇಲಿಗೆ ಒರಗುವುದು ಈ ಪೆಟ್ಟಿಗೆ. ಬೇಲಿ ಒಂದು ಇಟ್ಟಿಗೆಯ ಎತ್ತರಕ್ಕೆ ಕಂಡರೂ ಲೆಕ್ಕದಲ್ಲಿ ಅದರ ಎತ್ತರ ಒಂದೂವರೆ. ಪ್ರಾಣಿಗಳು ಹಾರಿ ದಾಟಬಾರದು ಎಂಬ ಕಾರಣಕ್ಕೇ ಈ ಏರ್ಪಾಡು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಹಸು ತಪ್ಪಿಸಿಕೊಂಡದ್ದು ಹಾರುವುದರಿಂದ ಅಲ್ಲ, ದಶಾಂಶ ಲೆಕ್ಕದ ಸಣ್ಣದೊಂದು ದೋಷದಿಂದ.

ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಕೊನೆಯಿಲ್ಲದೆ ಬರೆಯುತ್ತಾ ಹೋಗಬೇಕಾಗುತ್ತದೆ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಎಲ್ಲೋ ಒಂದೆಡೆ ನಿಲ್ಲಿಸಲೇಬೇಕು. ನಿಲ್ಲಿಸಿದಲ್ಲಿ ಕೂದಲೆಳೆಯಷ್ಟು ತಪ್ಪು ಉಳಿಯುತ್ತದೆ. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಲೆಕ್ಕ ಮಾಡುವ ಗಣಕಕ್ಕೆ 0.1 ಎಂಬ ಸರಳ ಸಂಖ್ಯೆಯೂ ಹೀಗೆಯೇ ಮುಗಿಯದ ಸಂಖ್ಯೆ. ಆದ್ದರಿಂದ ಅದು ಪ್ರತಿ ಬಾರಿಯೂ ಹತ್ತಿರದ ಸಂಖ್ಯೆಗೆ ಸರಿಹೊಂದಿಸಿಕೊಳ್ಳುತ್ತದೆ.

ಹಸು ಬೇಲಿಗೆ ಒತ್ತಿ ನಿಂತಿದೆ ಎಂದಿಟ್ಟುಕೊಳ್ಳಿ. ಆಟ ನಡೆಯುತ್ತಿರುವಾಗ ಪೆಟ್ಟಿಗೆಯ ಅಂಚು ಬೇಲಿಯ ಅಂಚಿಗೆ ನಿಖರವಾಗಿ ತಾಗಿರುತ್ತದೆ. ಆಟಗಾರ ದೂರ ಹೋದಾಗ ಆ ಪ್ರದೇಶವನ್ನು ಗಣಕವು ಸ್ಮೃತಿಯಿಂದ ತೆಗೆದು ಕಡತದಲ್ಲಿ ಉಳಿಸುತ್ತದೆ. ಆದರೆ ಉಳಿಸುವುದು ಪೆಟ್ಟಿಗೆಯನ್ನಲ್ಲ, ಹಸು ನಿಂತ ನಡುಬಿಂದುವನ್ನು ಮಾತ್ರ. ಆಟಗಾರ ಮರಳಿದಾಗ ಆ ನಡುಬಿಂದುವಿನಿಂದ ಎರಡೂ ಬದಿಗೆ ಅಳತೆ ತೆಗೆದು ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಲಾಗುತ್ತದೆ. ಈ ಹೋಗಿ ಬರುವ ಲೆಕ್ಕದಲ್ಲಿ ಕೆಲವೊಮ್ಮೆ ಪೆಟ್ಟಿಗೆಯ ಅಂಚು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬೇಲಿಯ ಒಳಗೆ ಸರಿದುಬಿಡುತ್ತದೆ.

ತೊಡಕು ಇರುವುದು ಇಲ್ಲಿಯೇ. ಪ್ರಾಣಿಯ ಮುಂದೆ ಅಡ್ಡಿ ಇದೆಯೇ ಎಂದು ಪರೀಕ್ಷಿಸುವ ನಿಯಮವು, ಪ್ರಾಣಿ ಅಡ್ಡಿಯ ಹೊರಗೆ ಇದೆ ಎಂದು ನಂಬಿ ಬರೆದದ್ದು. ಈಗಾಗಲೇ ಅಡ್ಡಿಯೊಳಗೆ ಒಂದಿಷ್ಟು ಹುದುಗಿರುವ ಪ್ರಾಣಿಯನ್ನು ಆ ನಿಯಮ ತಡೆಯುವುದೇ ಇಲ್ಲ. ಹಸು ಮುಂದಕ್ಕೆ ಹೆಜ್ಜೆ ಇಡುತ್ತದೆ, ಬೇಲಿಯನ್ನು ತೂರಿ ಆಚೆಗೆ ಬರುತ್ತದೆ. ಬೇಲಿಯ ಬದಲು ಗೋಡೆ ಇದ್ದರೆ ಅದರೊಳಗೆ ಸಿಲುಕಿ ಉಸಿರುಗಟ್ಟಿ ಸಾಯುತ್ತದೆ. ಹಲವು ವರ್ಷ ಬಗೆಹರಿಯದೆ ಉಳಿದಿದ್ದ ಈ ದೋಷವನ್ನು ನಂತರದ ಆವೃತ್ತಿಗಳಲ್ಲಿ ಸರಿಪಡಿಸಲಾಯಿತು.

ಎಲ್ಲವೂ ವಾಯವ್ಯಕ್ಕೇ ಏಕೆ?

ಇದೇ ಆಟದ ಹಳೆಯ ಆವೃತ್ತಿಗಳಲ್ಲಿ ಮತ್ತೊಂದು ವಿಚಿತ್ರವನ್ನು ಆಟಗಾರರು ಗಮನಿಸಿದ್ದರು. ದೊಡ್ಡಿಯಲ್ಲಿ ಬಿಟ್ಟ ಪ್ರಾಣಿಗಳು ಕಾಲಕ್ರಮೇಣ ಒಂದೇ ಮೂಲೆಯಲ್ಲಿ, ಅದೂ ವಾಯವ್ಯ ಮೂಲೆಯಲ್ಲಿ ಒತ್ತೊತ್ತಾಗಿ ಸೇರುತ್ತಿದ್ದವು. ವಾಸ್ತುವಿನ ಪ್ರಭಾವವೇನೂ ಅಲ್ಲ. ಇದಕ್ಕೂ ಕಾರಣ ಅಂಕಗಣಿತವೇ.

ಸುಮ್ಮನೆ ಅಡ್ಡಾಡುವ ಪ್ರಾಣಿಗೆ ಗಣಕವು ಆಗಾಗ್ಗೆ ಸುತ್ತಮುತ್ತಲಿನ ಯಾವುದಾದರೊಂದು ಸ್ಥಳವನ್ನು ಚೀಟಿ ಎತ್ತಿದಂತೆ ಆರಿಸಿಕೊಡುತ್ತದೆ. ಹೀಗೆ ಬಂದ ದಶಾಂಶ ಸಂಖ್ಯೆಯನ್ನು ಇಟ್ಟಿಗೆಯ ಪೂರ್ಣ ಸಂಖ್ಯೆಗೆ ಇಳಿಸಬೇಕು. 7.8 ಬಂದರೆ 7, 7.2 ಬಂದರೂ 7. ಸದಾ ಕೆಳಗಿನ ಸಂಖ್ಯೆಗೇ ಇಳಿಸುವುದರಿಂದ ಸರಾಸರಿ ಅರ್ಧ ಇಟ್ಟಿಗೆಯಷ್ಟು ಗುರಿ ಒಂದೇ ಕಡೆಗೆ ಜಾರುತ್ತದೆ. ಆ ಲೋಕದಲ್ಲಿ ಸಂಖ್ಯೆ ಕಡಿಮೆಯಾಗುವ ದಿಕ್ಕು ಪಶ್ಚಿಮ ಮತ್ತು ಉತ್ತರ. ಒಂದು ಹೆಜ್ಜೆಯಲ್ಲಿ ಇದು ಕಾಣದು. ಸಾವಿರ ಹೆಜ್ಜೆಗಳ ನಂತರ ಇಡೀ ಮಂದೆ ವಾಯವ್ಯ ಮೂಲೆಯಲ್ಲಿರುತ್ತದೆ.

ಸಣ್ಣ ತಪ್ಪು ಎರಡು ರೀತಿಯದು ಎಂಬುದನ್ನು ಈ ಎರಡು ಉದಾಹರಣೆಗಳು ತಿಳಿಸುತ್ತವೆ. ಒಂದು, ತಕ್ಷಣವೇ ಬೇಲಿ ದಾಟಿಸುವ ತಪ್ಪು. ಇನ್ನೊಂದು, ಪ್ರತಿ ಬಾರಿಯೂ ಒಂದೇ ದಿಕ್ಕಿಗೆ ವಾಲಿ ನಿಧಾನವಾಗಿ ಕೂಡುತ್ತಾ ಹೋಗುವ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ. ಯಾವ ಒಂದು ಗಳಿಗೆಯಲ್ಲಿ ನೋಡಿದರೂ ಅದು ತಪ್ಪೆಂದು ತೋರುವುದಿಲ್ಲ.

ದಾರಿ ಹುಡುಕುವ ಗಣಿತ

ಗುರಿ ಸಿಕ್ಕಿತು, ಅಲ್ಲಿಗೆ ಹೋಗುವ ದಾರಿ? ಇದಕ್ಕೆ ಗಣಕ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಸೂತ್ರ 'ಎ-ಸ್ಟಾರ್'. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ 'ಶೇಕಿ' ಎಂಬ ರೋಬೊ ರೂಪಿಸುತ್ತಿದ್ದ ಕಾಲದಲ್ಲಿ ಪೀಟರ್ ಹಾರ್ಟ್, ನೀಲ್ಸ್ ನಿಲ್ಸನ್ ಮತ್ತು ಬರ್ಟ್ರಮ್ ರಾಫೆಲ್ ಇದನ್ನು 1968ರಲ್ಲಿ ಪ್ರಕಟಿಸಿದರು.

ಇದರ ತಿರುಳು ಸರಳ. ಶಿರಾದಿಂದ ಪಾವಗಡಕ್ಕೆ ಹೋಗಬೇಕಾದ ಅಪರಿಚಿತನೊಬ್ಬ ಪ್ರತಿ ಕವಲಿನಲ್ಲಿಯೂ ಎರಡು ಸಂಗತಿಗಳನ್ನು ಕೂಡಿಸುತ್ತಾನೆ. ಇಲ್ಲಿಯವರೆಗೆ ನಡೆದ ದೂರ ಎಷ್ಟು, ಇಲ್ಲಿಂದ ಊರಿಗೆ ನೇರವಾಗಿ ಉಳಿದಿರಬಹುದಾದ ದೂರ ಎಷ್ಟು? ಎರಡರ ಮೊತ್ತ ಎಲ್ಲಿ ಅತಿ ಕಡಿಮೆಯೋ ಆ ಕವಲನ್ನು ಮೊದಲು ಪರೀಕ್ಷಿಸುತ್ತಾನೆ. ಹೀಗೆ ವ್ಯರ್ಥ ಅಲೆದಾಟವಿಲ್ಲದೆ ಅತಿ ಕಡಿಮೆ ದೂರದ ದಾರಿ ದೊರೆಯುತ್ತದೆ.

ಸೂತ್ರ ಸರಿಯಿದ್ದರೂ ಪ್ರಾಣಿಗಳು ಗೋಡೆಗೆ ಮುಖ ಮಾಡಿ ನಿಂತೇ ಇರುವ ದೃಶ್ಯ ಆಟಗಳಲ್ಲಿ ಸಾಮಾನ್ಯ. ಇದಕ್ಕೆ ಕಾರಣ ಸಮಯದ ಅಭಾವ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಆಟದಲ್ಲಿ ಪ್ರತಿ ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಬೆಳಕು, ನೆರಳು, ಧ್ವನಿ ಎಲ್ಲವೂ ಅದರೊಳಗೇ ಮುಗಿಯಬೇಕು. ನೂರು ಕುರಿಗಳಿಗೆ ದೂರದ ದಾರಿ ಹುಡುಕಲು ಪುರುಸೊತ್ತು ಇರುವುದಿಲ್ಲ. ಆದ್ದರಿಂದ ತಂತ್ರಾಂಶಗಾರರು ಹುಡುಕಾಟಕ್ಕೆ ಮಿತಿ ಹಾಕುತ್ತಾರೆ. ಮಿತಿಯೊಳಗೆ ದಾರಿ ಸಿಗದಿದ್ದರೆ ಪ್ರಾಣಿ ಗುರಿಯ ಕಡೆಗೆ ಸುಮ್ಮನೆ ಒತ್ತುತ್ತದೆ. ಮೂರು ಕಡೆ ಗೋಡೆಯಿರುವ ಕಡೆ ಸಿಕ್ಕಿಕೊಂಡರೆ, ಹಿಂದಕ್ಕೆ ನಾಲ್ಕು ಹೆಜ್ಜೆ ಬಂದು ಸುತ್ತಿ ಹೋಗಬಹುದು ಎಂಬುದು ಅದಕ್ಕೆ ಹೊಳೆಯುವುದಿಲ್ಲ.

ಇಳಿಜಾರಿನದು ಇನ್ನೊಂದು ಸಮಸ್ಯೆ. ಈಗಿನ ಬಹುತೇಕ ಆಟಗಳಲ್ಲಿ ನಡೆಯಬಹುದಾದ ನೆಲವನ್ನೆಲ್ಲ ಬಲೆಯಂತೆ ಹೆಣೆದ ತ್ರಿಕೋನ, ಬಹುಭುಜಗಳ ನಕ್ಷೆಯಾಗಿ ಮೊದಲೇ ಸಿದ್ಧಪಡಿಸಿರುತ್ತಾರೆ. ಎಷ್ಟು ಕಡಿದಾದ ನೆಲವನ್ನು ಹತ್ತಬಹುದು ಎಂಬುದಕ್ಕೆ ಒಂದೇ ಸಂಖ್ಯೆ ಕೊಡಲಾಗುತ್ತದೆ. ಆಟ ತಯಾರಿಕೆಗೆ ಬಳಸುವ 'ಯೂನಿಟಿ' ತಂತ್ರಾಂಶದಲ್ಲಿ ಬದಲಿಸದೆ ಬಿಟ್ಟರೆ ಈ ಮಿತಿ 45 ಡಿಗ್ರಿ. ಆದರೆ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಒಂದು ಗಳಿಗೆ ನಿಂತರೂ ಸಾಕು, ಒಂದೇ ಸಂಖ್ಯೆಯಿಂದ ಕೆಲಸ ಸಾಗದು ಎಂಬುದು ತಿಳಿಯುತ್ತದೆ. ಮೇಕೆ ಹತ್ತುವ ಬಂಡೆಯನ್ನು ಎಮ್ಮೆ ಹತ್ತದು. ಒಣಗಿದ ಬಂಡೆಯನ್ನು ಹತ್ತಿದ ಮೇಕೆ ಮಳೆಯಲ್ಲಿ ಅದೇ ಬಂಡೆಯನ್ನು ತಪ್ಪಿಸುತ್ತದೆ. 2011ರಲ್ಲಿ ಬಂದ 'ಸ್ಕೈರಿಮ್' ಆಟದ ಕುದುರೆಗಳು ಗೋಡೆಯಂತಹ ಬೆಟ್ಟಗಳನ್ನು ಹಲ್ಲಿಯಂತೆ ಏರುವುದು ಇಂದಿಗೂ ಆಟಗಾರರ ನಡುವೆ ತಮಾಷೆಯ ವಿಷಯ.

ಜೇನ್ನೊಣ ಉರುಳಿಸಿದ ಗಾಡಿ

ಇದೇ ಸ್ಕೈರಿಮ್ ಆಟದ ಆರಂಭದಲ್ಲಿ ಕುದುರೆ ಗಾಡಿಯೊಂದು ಕೈದಿಗಳನ್ನು ಹೊತ್ತು ಸಾಗುತ್ತದೆ. ಆಟ ಸಿದ್ಧವಾಗುತ್ತಿದ್ದಾಗ ಈ ಗಾಡಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ನಡುಗಿ ಆಕಾಶಕ್ಕೆ ಹಾರಿಬಿಡುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಜೇನ್ನೊಣ. ಆಟದಲ್ಲಿ ಜೇನ್ನೊಣವನ್ನು ಹಿಡಿದು ಔಷಧಿಗೆ ಬಳಸಲು ಅವಕಾಶವಿತ್ತು. ಆದರೆ ದೋಷವೊಂದರಿಂದ ಅದು ಕೈಗೆ ಸಿಗುತ್ತಿರಲಿಲ್ಲ. ಅದನ್ನು ಸರಿಪಡಿಸಲು ಹೋಗಿ ನೊಣಕ್ಕೆ ಇತರ ವಸ್ತುಗಳಿಗೆ ಡಿಕ್ಕಿ ಹೊಡೆಯುವ ಗುಣ ಬಂದಿತು. ಯಾವ ಶಕ್ತಿಯೂ ಕದಲಿಸಲಾಗದ ಬಂಡೆಯಂತಾದ ಆ ನೊಣ ದಾರಿಗೆ ಅಡ್ಡ ಬಂದಾಗ ಗಾಡಿಯೇ ಹಾರಿಹೋಗುತ್ತಿತ್ತು. ಆಟದ ತಯಾರಿಕೆಯಲ್ಲಿ ದುಡಿದಿದ್ದ ನೇಟ್ ಪರ್ಕಿಪೈಲ್ ಈ ಸಂಗತಿಯನ್ನು 2021ರಲ್ಲಿ ಬಹಿರಂಗಪಡಿಸಿದರು.

'ಡ್ವಾರ್ಫ್ ಫೋರ್ಟ್ರೆಸ್' ಎಂಬ ಆಟದಲ್ಲಿ 2015ರಲ್ಲಿ ಬೆಕ್ಕುಗಳು ಸಾಲುಸಾಲಾಗಿ ಸಾಯತೊಡಗಿದವು. ಆಗಷ್ಟೇ ಆಟಕ್ಕೆ ಹೆಂಡದಂಗಡಿಗಳನ್ನು ಸೇರಿಸಲಾಗಿತ್ತು. ಅಲ್ಲಿ ಚೆಲ್ಲಿದ ಹೆಂಡವನ್ನು ತುಳಿದುಕೊಂಡು ಓಡಾಡುವ ಬೆಕ್ಕು ಬಳಿಕ ತನ್ನ ಪಾದವನ್ನು ನೆಕ್ಕಿ ಶುಚಿಗೊಳಿಸುತ್ತಿತ್ತು. ನೆಕ್ಕಿದ ಒಂದು ಹನಿಯನ್ನು ಗಣಕ ಪೂರ್ಣ ಪ್ರಮಾಣದ ಹೆಂಡವೆಂದು ಲೆಕ್ಕ ಹಾಕುತ್ತಿದ್ದುದರಿಂದ ಬೆಕ್ಕು ಮತ್ತೇರಿ ಸಾಯುತ್ತಿತ್ತು. ನಡಿಗೆ, ಶುಚಿತ್ವ, ಮದ್ಯ ಈ ಮೂರು ನಿಯಮಗಳಲ್ಲಿ ಪ್ರತಿಯೊಂದೂ ಬಿಡಿಯಾಗಿ ಅರ್ಥಪೂರ್ಣವೇ ಆಗಿತ್ತು. ಪ್ರಮಾಣ ತಪ್ಪಿದ ಒಂದೇ ಕಡೆಯಿಂದ ಎಲ್ಲವೂ ಕೂಡಿ ಅನರ್ಥವಾಯಿತು.

2010ರ 'ರೆಡ್ ಡೆಡ್ ರಿಡೆಂಪ್ಶನ್'ನಲ್ಲಂತೂ ಮನುಷ್ಯನ ಆಕಾರಕ್ಕೆ ಪ್ರಾಣಿಯ ನಡವಳಿಕೆ ಅಂಟಿಕೊಂಡು, ಹಕ್ಕಿಯಂತೆ ಹಾರುವ ಮನುಷ್ಯರು, ಕತ್ತೆಯಂತೆ ಸವಾರನನ್ನು ಹೊರುವ ಹೆಂಗಸು ಕಾಣಿಸಿಕೊಂಡು ಸುದ್ದಿಯಾದವು. ಇದರ ಮುಂದಿನ ಭಾಗ 2018ರಲ್ಲಿ ಹೊರಬಂದಾಗ ಅದರಲ್ಲಿ ಸುಮಾರು 200 ಬಗೆಯ ಪ್ರಾಣಿಗಳಿದ್ದವು. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಕ್‌ಸ್ಟಾರ್ ಇಂಡಿಯಾ ಕೂಡ ಆ ಎರಡನೆಯ ಭಾಗದ ತಯಾರಿಕೆಯಲ್ಲಿ ಕೈಜೋಡಿಸಿತ್ತು. 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ದೇಶದ ಗೇಮ್ ಉದ್ಯಮಕ್ಕೆ ಅಡಿಪಾಯ ಹಾಕಿದ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಬಳಗವೇ ಖರೀದಿಸಿತು.

ಮಂದೆಯ ಮೂರು ನಿಯಮ

ಒಂಟಿ ಪ್ರಾಣಿಯ ಕಥೆ ಇದಾದರೆ ಮಂದೆಯದು ಬೇರೆ. ಶಿರಾ, ಪಾವಗಡ ಸೀಮೆಯ ರಸ್ತೆಗಳಲ್ಲಿ ನೂರಾರು ಕುರಿಗಳ ಮಂದೆ ಎದುರಾದಾಗ ಬಸ್ಸು ನಿಲ್ಲಿಸಿ ಕಾಯುವುದು ಅಲ್ಲಿನ ಚಾಲಕರಿಗೆ ಅಭ್ಯಾಸ. ಮಂದೆ ಒಂದೇ ದೇಹದಂತೆ ಬಾಗುತ್ತದೆ, ಇಬ್ಭಾಗವಾಗಿ ಮತ್ತೆ ಕೂಡುತ್ತದೆ. ಆದರೆ ಇಡೀ ಮಂದೆಗೆ ಆಜ್ಞೆ ಕೊಡುವ ನಾಯಕನಿಲ್ಲ.

ಅಮೆರಿಕದ ತಂತ್ರಾಂಶ ತಜ್ಞ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಒಗಟನ್ನು ಮೂರೇ ನಿಯಮಗಳಿಗೆ ಇಳಿಸಿತು. ಪಕ್ಕದವರಿಗೆ ಡಿಕ್ಕಿಯಾಗದಂತೆ ಅಂತರ ಕಾಯ್ದುಕೊಳ್ಳಬೇಕು; ಪಕ್ಕದವರು ಹೋಗುವ ದಿಕ್ಕಿಗೇ ಹೋಗಬೇಕು; ಪಕ್ಕದವರ ನಡುವೆಯೇ ಉಳಿಯಬೇಕು. ಪ್ರತಿ ಪ್ರಾಣಿ ಸುತ್ತಲಿನ ಕೆಲವರನ್ನು ಮಾತ್ರ ಗಮನಿಸಿ ಈ ಮೂರನ್ನು ಪಾಲಿಸಿದರೆ ಗಣಕದ ಪರದೆಯ ಮೇಲೆ ಜೀವಂತ ಹಿಂಡೇ ಮೂಡುತ್ತದೆ. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದ ಬಾವಲಿಗಳ ಹಿಂಡು ಈ ಸೂತ್ರದ ಕೂಸು.

ಪಕ್ಕದವರನ್ನು ಮಾತ್ರ ನೋಡುವ ನಿಯಮಕ್ಕೆ ತನ್ನದೇ ಅಪಾಯವಿದೆ. ಮುಂದಿನವನು ಸಿಲುಕಿದರೆ ಹಿಂದಿನವರೆಲ್ಲ ಸಿಲುಕುತ್ತಾರೆ. ಇಕ್ಕಟ್ಟಾದ ಬಾಗಿಲಲ್ಲಿ ಗಣಕದ ಕುರಿಗಳು ಒಂದನ್ನೊಂದು ತಳ್ಳುತ್ತಾ ನಿಂತಲ್ಲೇ ನಡುಗುವುದು ಇದರಿಂದಲೇ.

ಇದು ಗಣಕದ ದೋಷ ಮಾತ್ರ ಎಂದುಕೊಳ್ಳುವಂತಿಲ್ಲ. ವಾಸನೆಯ ಜಾಡನ್ನು ಹಿಡಿದು ಮುಂದಿನದನ್ನು ಹಿಂಬಾಲಿಸುವ ಸೈನಿಕ ಇರುವೆಗಳು ಕೆಲವೊಮ್ಮೆ ತಮ್ಮದೇ ಜಾಡಿಗೆ ಮರಳಿ ವೃತ್ತದಲ್ಲಿ ಸುತ್ತುತ್ತಾ ದಣಿದು ಸಾಯುತ್ತವೆ. ಸುಮಾರು 370 ಮೀಟರ್ ಸುತ್ತಳತೆಯ ಇಂಥದೊಂದು ವೃತ್ತವನ್ನು ನಿಸರ್ಗ ವಿಜ್ಞಾನಿ ವಿಲಿಯಂ ಬೀಬಿ 1921ರಲ್ಲಿ ದಾಖಲಿಸಿದ್ದರು. ಒಂದು ಸುತ್ತು ಮುಗಿಸಲು ಪ್ರತಿ ಇರುವೆಗೆ ಎರಡೂವರೆ ಗಂಟೆ ಬೇಕಾಗುತ್ತಿತ್ತು.

ಕುರಿಯ ವಿಷಯದಲ್ಲಿ ನಿಯಮಗಳು ಇನ್ನೂ ಸೂಕ್ಷ್ಮ. ಬ್ರಿಟನ್ ಮತ್ತು ಸ್ವೀಡನ್‌ನ ವಿಜ್ಞಾನಿಗಳು ಕುರಿ, ಕಾವಲು ನಾಯಿಗಳಿಗೆ ಜಿಪಿಎಸ್ ಕಟ್ಟಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನಾಯಿ ಎರಡೇ ಕೆಲಸ ಮಾಡುತ್ತದೆ ಎಂಬುದು ಅದರ ಸಾರ. ಮಂದೆ ಚದುರಿದ್ದರೆ ಹೊರಗೆ ಉಳಿದ ಕುರಿಯನ್ನು ಒಳಗೆ ಸೇರಿಸುವುದು. ಕೂಡಿದ್ದರೆ ಹಿಂದಿನಿಂದ ಮುಂದಕ್ಕೆ ಅಟ್ಟುವುದು. ನಮ್ಮ ಕುರಿಗಾಹಿಗಳು ತಲೆಮಾರುಗಳಿಂದ ಮಾಡುತ್ತಾ ಬಂದಿರುವುದನ್ನೇ ಗಣಿತ ತಡವಾಗಿ ಬರೆದುಕೊಂಡಿತು.

ಮೈದನಹಳ್ಳಿಯ ಪಾಠ

ಆಟದ ದೋಷವನ್ನು ನೋಡಿ ನಕ್ಕು ಸುಮ್ಮನಾಗಬಹುದು. ಆದರೆ ಇದೇ ಗಣಿತ ಈಗ ಆಟದ ಹೊರಗೂ ಬಳಕೆಯಲ್ಲಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವನ್ನು 2007ರಲ್ಲಿ ಘೋಷಿಸಲಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರನ್ನೇ ಇದಕ್ಕೆ ಇಡಲಾಗಿದೆ. ರಾಣೆಬೆನ್ನೂರಿನ ಅಭಯಾರಣ್ಯದ ಬಳಿಕ ರಾಜ್ಯದಲ್ಲಿ ಕೃಷ್ಣಮೃಗಗಳ ಮುಖ್ಯ ನೆಲೆ ಎಂದರೆ ಇದೇ. ವಿಸ್ತೀರ್ಣ ಮಾತ್ರ ಸುಮಾರು 798 ಎಕರೆ, ಅಂದರೆ ಮೂರೂಕಾಲು ಚದರ ಕಿಲೊಮೀಟರ್‌ನಷ್ಟು. ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಗೆ ಈ ಮೀಸಲು ಪ್ರದೇಶವನ್ನು ದಾಟಲು ಕೆಲವೇ ನಿಮಿಷ ಸಾಕು.

ಆದ್ದರಿಂದ ಮೃಗಗಳು ಗಡಿಯೊಳಗೆ ಉಳಿಯುವುದಿಲ್ಲ. ಸುತ್ತಮುತ್ತಲಿನ ಹೊಲಗಳಿಗೆ ಹಿಂಡು ನುಗ್ಗುವುದು, ಬೆಳೆ ಹಾಳಾಗುವುದು ಈ ಭಾಗದ ರೈತರ ಹಳೆಯ ದೂರು. ಮಳೆಯನ್ನೇ ನಂಬಿ ಶೇಂಗಾ, ರಾಗಿ ಬೆಳೆಯುವ ರೈತನಿಗೆ ಒಂದು ರಾತ್ರಿಯ ಮೇವು ಎಂದರೆ ಒಂದು ವರ್ಷದ ದುಡಿಮೆ. ಇತ್ತ ಮೃಗವನ್ನು ಮುಟ್ಟುವಂತಿಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಗರಿಷ್ಠ ರಕ್ಷಣೆ ಇದೆ. ರೈತನಿಗೂ ಮೃಗಕ್ಕೂ ನ್ಯಾಯ ದೊರೆಯಬೇಕಾದರೆ ಮೊದಲು ತಿಳಿಯಬೇಕಾದದ್ದು ಒಂದೇ. ಹಿಂಡು ಯಾವ ದಾರಿಯಲ್ಲಿ ಬರುತ್ತದೆ, ಏಕೆ ಬರುತ್ತದೆ?

ಇಲ್ಲಿ ಆಟದ ತಂತ್ರಾಂಶಗಾರರು ಮಾಡುವ ತಪ್ಪೇ ಎದುರಾಗುತ್ತದೆ. ಪ್ರಾಣಿಗೆ ಏನು ಸಾಧ್ಯ ಎಂಬುದನ್ನು ನಿಯಮವಾಗಿ ಬರೆಯಲಾಗುತ್ತದೆಯೇ ಹೊರತು ಅದು ಏನು ಮಾಡಲು ಬಯಸುತ್ತದೆ ಎಂಬುದನ್ನಲ್ಲ. ಕೃಷ್ಣಮೃಗ ಎತ್ತರಕ್ಕೆ ನೆಗೆಯಬಲ್ಲದು, ನಿಜ. ಆದರೆ ಬೇಲಿ ಎದುರಾದಾಗ ಅದು ಹಾರುವುದು ಅಪರೂಪ. ಸಾಧ್ಯವಿದ್ದರೆ ಕೆಳಗಿನಿಂದ ನುಸುಳುತ್ತದೆ. ಬೇಟೆಗೆಂದು ಈ ಮೃಗವನ್ನು ಕೊಂಡೊಯ್ದು ಸಾಕಿದ ಅಮೆರಿಕದ ಟೆಕ್ಸಾಸ್‌ನಲ್ಲಿಯೂ ಇದನ್ನೇ ಗಮನಿಸಲಾಗಿದೆ. ಬಯಲಿನಲ್ಲಿ ಬೆಳೆದ ಜೀವಕ್ಕೆ ಓಟವೇ ರಕ್ಷಣೆ. ಚೀತಾ, ತೋಳ ಇವುಗಳಿಂದ ಪಾರಾಗಲು ದೂರದವರೆಗೆ ನೋಟ ಹರಿಯಬೇಕು, ದಾರಿ ತೆರೆದಿರಬೇಕು. ಅಡ್ಡಲಾಗಿ ಎದ್ದು ನಿಂತ ವಸ್ತುವನ್ನು ಹಾರಿ ದಾಟುವ ಅಗತ್ಯ ಅದರ ಪೂರ್ವಜರಿಗೆ ಹೆಚ್ಚಾಗಿ ಬಂದೇ ಇರಲಿಲ್ಲ.

ಉತ್ತರ ಅಮೆರಿಕದ ಬಯಲುಗಳಲ್ಲಿ ಓಡುವ ಪ್ರಾಂಗ್‌ಹಾರ್ನ್ ಎಂಬ ಮೃಗದ್ದೂ ಇದೇ ಸ್ವಭಾವ. ಬೇಲಿ ಹಾರದೆ ಕೆಳಗಿನಿಂದ ನುಸುಳಲು ಯತ್ನಿಸಿ ಮುಳ್ಳುತಂತಿಗೆ ಸಿಕ್ಕಿ ಅವು ಗಾಯಗೊಳ್ಳುತ್ತಿದ್ದವು. ಪರಿಹಾರ ಅಗ್ಗದ್ದಾಗಿತ್ತು. ಬೇಲಿಯ ಅತಿ ಕೆಳಗಿನ ತಂತಿಯನ್ನು ನೆಲದಿಂದ ಒಂದೂವರೆ ಅಡಿಯಷ್ಟು ಮೇಲೆತ್ತಿ, ಮುಳ್ಳಿಲ್ಲದ ನಯವಾದ ತಂತಿ ಬಿಗಿಯುವುದು. ಇದನ್ನು ಕಂಡುಹಿಡಿಯಲು ಬೇಕಾದದ್ದು ಪ್ರಾಣಿಯನ್ನು ತಾಳ್ಮೆಯಿಂದ ನೋಡುವ ಕಣ್ಣು.

ಇಲ್ಲದ ಬೇಲಿಗೂ ಹೆದರುವ ಜಿಂಕೆ

ಪ್ರಾಣಿಗೆ ನೆನಪೂ ಉಂಟು. ಜೆಕ್ ಗಣರಾಜ್ಯ ಮತ್ತು ಜರ್ಮನಿಯ ಗಡಿಯಲ್ಲಿದ್ದ ವಿದ್ಯುತ್ ಬೇಲಿಯನ್ನು ಶೀತಲ ಸಮರ ಮುಗಿದ ನಂತರ ಕಿತ್ತುಹಾಕಲಾಯಿತು. ಸುಮಾರು ಕಾಲು ಶತಮಾನ ಕಳೆದ ಮೇಲೆಯೂ ಅಲ್ಲಿನ ಕೆಂಪು ಜಿಂಕೆಗಳು ಆ ಗಡಿಯನ್ನು ದಾಟಲು ಹಿಂಜರಿಯುತ್ತಿವೆ ಎಂಬುದು 2014ರಲ್ಲಿ ಬೆಳಕಿಗೆ ಬಂದಿತು. ಬೇಲಿಯನ್ನು ಕಣ್ಣಾರೆ ಕಂಡ ಜಿಂಕೆಗಳು ಆಗ ಬದುಕಿರಲಿಲ್ಲ. ತಾಯಿಯ ಹಿಂದೆ ನಡೆದ ಮರಿಗಳು ತಾಯಿಯ ದಾರಿಯನ್ನೇ ಕಲಿತಿದ್ದವು.

ಆಟಗಳಲ್ಲಿಯೂ ಇಂಥದ್ದೇ ದೋಷ ಕಾಣಸಿಗುತ್ತದೆ. ಗೋಡೆ ಬಿದ್ದರೂ ನಡೆಯುವ ನಕ್ಷೆಯನ್ನು ಹೊಸದಾಗಿ ಬರೆಯದಿದ್ದರೆ ಪ್ರಾಣಿ ಇಲ್ಲದ ಗೋಡೆಯನ್ನು ಸುತ್ತಿಕೊಂಡು ಹೋಗುತ್ತದೆ. ವ್ಯತ್ಯಾಸ ಇಷ್ಟೇ: ಆಟದ ನಕ್ಷೆಯನ್ನು ಒಂದು ಗುಂಡಿ ಒತ್ತಿ ಬದಲಿಸಬಹುದು. ಜಿಂಕೆಯ ನೆನಪನ್ನು ಬದಲಿಸಲು ಹಲವು ತಲೆಮಾರುಗಳೇ ಬೇಕು.

ನಕ್ಷೆಯ ಮೇಲಿನ ಸಂಖ್ಯೆ, ನೆಲದ ಮೇಲಿನ ಜೀವ

ವನ್ಯಜೀವಿಗಳ ಸಂಚಾರ ಪಥವನ್ನು ಗುರುತಿಸಲು ವಿಜ್ಞಾನಿಗಳು ಬಳಸುವ ವಿಧಾನಗಳಲ್ಲಿ ಮುಖ್ಯವಾದದ್ದು 'ಕನಿಷ್ಠ ವೆಚ್ಚದ ದಾರಿ'. ಭಾರತದಲ್ಲಿ ಹುಲಿ ಕಾರಿಡಾರ್‌ಗಳನ್ನು ಗುರುತಿಸಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆ 2014ರಲ್ಲಿ ಹೊರತಂದ ವರದಿಯಲ್ಲಿಯೂ ಈ ವಿಧಾನವಿತ್ತು. ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನು ದಾಟುವುದು ಪ್ರಾಣಿಗೆ ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಂಖ್ಯೆ ಕೊಡಲಾಗುತ್ತದೆ. ಕಾಡಿಗೆ ಕಡಿಮೆ, ಹೊಲಕ್ಕೆ ಹೆಚ್ಚು, ಹೆದ್ದಾರಿಗೆ ಇನ್ನೂ ಹೆಚ್ಚು. ಬಳಿಕ ಒಟ್ಟು ಮೊತ್ತ ಅತಿ ಕಡಿಮೆಯಾಗುವ ದಾರಿಯನ್ನು ಗಣಕ ಹುಡುಕುತ್ತದೆ. ಇದು ಆಟದ ಹಸುವಿಗೆ ದಾರಿ ಹುಡುಕುವ ಸೂತ್ರದ ಹತ್ತಿರದ ಬಂಧುವೇ.

ಸೂತ್ರದಲ್ಲಿ ತಪ್ಪಿಲ್ಲ. ಆದರೆ ಚೌಕಗಳಿಗೆ ಕೊಟ್ಟ ಸಂಖ್ಯೆ ತಪ್ಪಿದರೆ ದಾರಿಯೂ ತಪ್ಪುತ್ತದೆ. ಹುಲಿಗೆ ಮರಗಳ ಮರೆ ಬೇಕು. ಕೃಷ್ಣಮೃಗಕ್ಕೆ ಅದೇ ಮರಗಳ ಮರೆ ಅಪಾಯ. ಹಸಿರು ಹೆಚ್ಚಿದ್ದಷ್ಟೂ ಪ್ರಾಣಿಗೆ ಅನುಕೂಲ ಎಂಬ ಲೆಕ್ಕದಲ್ಲಿ ಹುಲ್ಲುಗಾವಲಿಗಿಂತ ನೀಲಗಿರಿ ನೆಡುತೋಪಿಗೆ ಹೆಚ್ಚಿನ ಅಂಕ ಕೊಟ್ಟರೆ ಗಣಕವು ಕೃಷ್ಣಮೃಗದ ಹಿಂಡನ್ನು ಅದು ಎಂದೂ ಕಾಲಿಡದ ಕಡೆಗೆ ನಡೆಸುತ್ತದೆ. ವಾಯವ್ಯಕ್ಕೆ ಜಾರಿದ ಮಂದೆಯಂತೆ, ಇದು ಸಣ್ಣ ವಾಲಿಕೆಯಿಂದ ಹುಟ್ಟುವ ದೊಡ್ಡ ತಪ್ಪು. ಬಯಲನ್ನು ಬಂಜರು ಎಂದು ಕರೆಯುವ ರೂಢಿ ಕಂದಾಯ ದಾಖಲೆಗಳಲ್ಲಿ ಹಿಂದಿನಿಂದ ಇರುವುದರಿಂದ ಈ ಅಪಾಯ ಕಲ್ಪಿತವಾದದ್ದಲ್ಲ.

ಈ ಸೀಮೆಯ ನೆಲ ಈಗ ವೇಗವಾಗಿ ಬದಲಾಗುತ್ತಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 2018ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದ್ದು, 2,050 ಮೆಗಾವಾಟ್ ಸಾಮರ್ಥ್ಯ ಹೊಂದಿದೆ. ತುಮಕೂರು–ರಾಯದುರ್ಗ ರೈಲು ಮಾರ್ಗವನ್ನು ಕೊರಟಗೆರೆ, ಮಧುಗಿರಿ, ಪಾವಗಡ ಭಾಗಗಳನ್ನು ಹಾದು ಹೋಗುವಂತೆ ರೂಪಿಸಲಾಗಿದೆ. ಶಿರಾ ಮೂಲಕ ರಾಷ್ಟ್ರೀಯ ಹೆದ್ದಾರಿ ಸಾಗುತ್ತದೆ. ಬರದ ಬವಣೆ ಕಂಡ ಜನರಿಗೆ ವಿದ್ಯುತ್ತು, ರೈಲು, ರಸ್ತೆ ಎಲ್ಲವೂ ಬೇಕು. ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಪ್ರತಿ ಹೊಸ ಗೆರೆಯೂ ಯಾವುದೋ ಪ್ರಾಣಿಯ ಪಾಲಿಗೆ ಹೊಸ ಬೇಲಿ. ಎಲ್ಲಿ ಕೆಳಸೇತುವೆ ಬೇಕು, ಎಲ್ಲಿ ಬೇಲಿಯ ಕೆಳಗೆ ಜಾಗ ಬಿಡಬೇಕು ಎಂಬ ನಿರ್ಧಾರಗಳು ಮೇಜಿನ ಮೇಲಿನ ನಕ್ಷೆಯನ್ನು ನೋಡಿ ಆಗುವ ಕಾಲವಿದು.

ಆಟದ ತಂತ್ರಾಂಶಗಾರರಿಗೆ ಒಂದು ಅನುಕೂಲವಿದೆ. ಅವರ ತಪ್ಪನ್ನು ಲಕ್ಷಾಂತರ ಆಟಗಾರರು ದಿನವೂ ಪರೀಕ್ಷಿಸುತ್ತಾರೆ, ಕಂಡದ್ದನ್ನು ಬರೆದು ತಿಳಿಸುತ್ತಾರೆ, ಸಂಖ್ಯೆ ಕೊಟ್ಟು ಪಟ್ಟಿಗೆ ಸೇರಿಸುತ್ತಾರೆ. ಎಂಸಿ-2025 ಸರಿಹೋಗಲು ವರ್ಷಗಳೇ ಹಿಡಿದರೂ ಅದು ಮರೆತುಹೋಗಲಿಲ್ಲ. ಏಕೆಂದರೆ ದೊಡ್ಡಿ ಖಾಲಿಯಾದ ಪ್ರತಿಯೊಬ್ಬನೂ ದೂರು ಕೊಡುತ್ತಿದ್ದ.

ನೆಲದ ಮೇಲಿನ ನಕ್ಷೆಗೂ ಇಂಥ ಪರೀಕ್ಷಕರು ಇದ್ದಾರೆ. ಹಿಂಡು ಯಾವ ತಿಂಗಳಲ್ಲಿ ಯಾವ ಹಳ್ಳವನ್ನು ದಾಟುತ್ತದೆ, ಯಾವ ಬದುವಿನ ಬಳಿ ನಿಂತು ಹಿಂದಿರುಗುತ್ತದೆ ಎಂಬುದು ಮೈದನಹಳ್ಳಿ ಸುತ್ತಿನ ರೈತರಿಗೆ, ಕುರಿಗಾಹಿಗಳಿಗೆ, ಅರಣ್ಯ ಇಲಾಖೆಯ ಕಾವಲುಗಾರರಿಗೆ ಗೊತ್ತು. ಗಣಕ ತೋರಿಸಿದ ದಾರಿಯನ್ನು ಇವರ ಮುಂದಿಟ್ಟು ಸರಿಯೇ ಎಂದು ಕೇಳುವುದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಕಾಂಕ್ರೀಟು ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ. ಆಟದಲ್ಲಿ ಸತ್ತ ಹಸುವಿನ ಬದಲು ಇನ್ನೊಂದನ್ನು ಗಳಿಗೆಯಲ್ಲಿ ಸೃಷ್ಟಿಸಬಹುದು. 798 ಎಕರೆಯ ಹುಲ್ಲುಗಾವಲಿನಲ್ಲಿ ಉಳಿದ ಹಿಂಡಿಗೆ ಆ ಸೌಲಭ್ಯವಿಲ್ಲ.